ಮೂರನೆಯ ಹಾಡಿನ ವಿಷಯ

ವೆಸ್ಟೆರಾಸ್, ಸೋಮವಾರ

ಅಮ್ಮನಿಗೆ ನಮಸ್ಕಾರ.

ಫೋನಿನಲ್ಲಿ ಈ ವಿಷಯ ತೆಗೆದರೆ ನೀನು ಕುಕ್ಕರ್ ಕೂಗಿತು ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನನ್ನ ಮೊದಲ ರ‍್ಯಾಪ್ ಆಲ್ಬಮ್ ಮುಂದಿನ ತಿಂಗಳು ಹದಿನಾಲ್ಕಕ್ಕೆ ಬಿಡುಗಡೆಯಾಗುತ್ತದೆ. ಎಲ್ಲ ಹಾಡೂ ಕನ್ನಡದಲ್ಲೇ. ಮೂರನೆಯದು ನಾನೂ ಸುದರ್ಶನ್ನೂ ಬೇರೆಯಾದದ್ದರ ಬಗ್ಗೆ. ವಿಚ್ಛೇದನವಾಗಿ ಒಂದೂವರೆ ವರ್ಷವಾಯಿತು. ನೀನಿನ್ನೂ ನೆಂಟರಿಗೆ, "ಅಳಿಯಂದ್ರಿಗೆ ಪ್ರಾಜೆಕ್ಟ್ ಜಾಸ್ತಿ, ರಜೆ ಸಿಗ್ತಿಲ್ಲ" ಎನ್ನುತ್ತಿದ್ದೀಯ. ನಾನೂ ಹೂಂ ಎಂದಿದ್ದೇನೆ.

ಆ ಹಾಡನ್ನು ಎರಡು ಸಲ ತೆಗೆದೆ, ಮತ್ತೆ ಸೇರಿಸಿದೆ. ಆಫೀಸಿನಲ್ಲಿ ಎಲ್ಲರೂ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆ, ಕೂತಾಗ ನಾನೊಬ್ಬಳೇ ಅದನ್ನೇ ಯೋಚಿಸುತ್ತ ಹೊಳೆಯ ದಂಡೆಯಲ್ಲಿ ಅತ್ತಿತ್ತ ನಡೆಯುತ್ತೇನೆ. ಸಂಗೀತ ಮಾಡಿಕೊಟ್ಟ ಯೋಗೀಶ, "ಬೇರೆ ಹೆಸರು ಇಟ್ಕೊ, ಯಾರಿಗೂ ಗೊತ್ತಾಗಲ್ಲ" ಎಂದ. ಆಮೇಲೆ ತನ್ನ ಹಳೆಯ ರೆಕಾರ್ಡೊಂದನ್ನು ಕೇಳಿಸಿದ. ಎಂಬತ್ತೆಂಟರಲ್ಲಿ ಅಮೆರಿಕದ ಹುಡುಗಿಯೊಬ್ಬಳು ಮಾಡಿದ ಮೊದಲ ರ‍್ಯಾಪ್ ಆಲ್ಬಮ್ ಅದು. ಗಂಡಸರೇ ತುಂಬಿದ್ದ ಆ ಕಾಲದಲ್ಲಿ ಅವಳು ಯಾರ ಮರ್ಜಿಯನ್ನೂ ಕಾಯದೆ ತನ್ನ ಮಾತು ಆಡಿದ್ದಳು. ಮುಗಿದ ಮೇಲೆ ನಾನು, "ಇಂಚರಾ ಅಂತಲೇ ಹಾಕು" ಎಂದೆ.

ಹಾಡಿನಲ್ಲಿ ಅವನನ್ನು ಬೈದಿಲ್ಲ, ನಿನ್ನನ್ನೂ ಬೈದಿಲ್ಲ. ಸುಳ್ಳು ಹೇಳಿ ಸಾಕಾಯಿತು ಎಂದಷ್ಟೇ ಇದೆ.

ವಿಚ್ಛೇದನದ ವಿಷಯ ನಿನ್ನ ನಾದಿನಿ ಪ್ರಫುಲ್ಲಾ ಅತ್ತೆಗೆ ನೀನೇ ಮೊದಲು ತಿಳಿಸು. ಹಾಡು ಕೇಳಿ ಗೊತ್ತಾದರೆ ಅವರು ತುಂಬ ನೊಂದುಕೊಳ್ಳುತ್ತಾರೆ. ಮುಂದಿನ ತಿಂಗಳ ಹತ್ತನೇ ತಾರೀಖಿನವರೆಗೆ ಕಾಯುತ್ತೇನೆ, ಆಮೇಲೆ ನಾನೇ ಹೇಳುತ್ತೇನೆ. ಮಂಡಿ ನೋವಿನ ಮಾತ್ರೆ ಬಿಡಬೇಡ.

ಸುದರ್ಶನ್ ಹೋದ ಮೇಲೆ ನಾನು ಹೇಗಿದ್ದೇನೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಈ ಕಾಗದ ಓದಿದ ಮೇಲೆ, ಬೈಯುವುದಿದ್ದರೂ ಸರಿ, ಮೊದಲು ಅದೊಂದನ್ನು ಕೇಳು.

ನಿನ್ನ ಮಗಳು,
ಇಂಚರಾ