ಹದಿನೇಳರಿಂದ ನಲವತ್ತೊಂದಕ್ಕೆ

ಬಸವಕಲ್ಯಾಣ
12-3-1979

ಪೂಜ್ಯ ಗುರುಗಳಿಗೆ ಪ್ರಭಾವತಿಯ ನಮಸ್ಕಾರಗಳು.

ನನ್ನ ಎಂ.ಎ. ಪ್ರಬಂಧದ ನಕ್ಷೆಯಿಂದ ಒಂದೇ ಒಂದು ಗೆರೆ ತೆಗೆಯಲು ಅಪ್ಪಣೆ ಕೊಡಬೇಕು.

‘ಕಷ್ಟ ಬಂದರೆ ಯಾರನ್ನು ಕರೆಯುತ್ತೀರಿ?’ ಎಂದು ಹಳ್ಳಿಯ ಮನೆಮನೆಯಲ್ಲೂ ಕೇಳಿ, ಕರೆಯುವವರ ಮನೆಯಿಂದ ಅವರು ಹೇಳಿದವರ ಮನೆಗೆ ಒಂದೊಂದು ಗೆರೆ ಎಳೆದೆ. ಹೆಸರು ತಿಳಿಯಬಾರದೆಂದು ಮಲೇರಿಯಾ ತಪಾಸಣೆಯವರು ಬಾಗಿಲ ಮೇಲೆ ಬರೆದ ಮನೆ ನಂಬರನ್ನೇ ಹಾಕಿದೆ. ಆ ನಂಬರುಗಳು ಊರಿಗೆಲ್ಲ ಬಾಯಿಪಾಠ ಎಂಬುದು ಹೊಳೆಯಲೇ ಇಲ್ಲ.

ನಾನು ಇಳಿದುಕೊಂಡಿದ್ದ ಮನೆಯ ಯಜಮಾನ ಬಸವಣಪ್ಪನವರು ನಕ್ಷೆ ನೋಡಿದರು. “ನಮ್ಮ ಹದಿನೇಳರಿಂದ ನಲವತ್ತೊಂದಕ್ಕ ಗೆರಿ ಯಾಕ ಹೋಗ್ಯಾದ?” ಎಂದರು. ನಲವತ್ತೊಂದು ಊರಾಚೆಯ ಕೇರಿಯಲ್ಲಿರುವ ಕೂಲಿಯ ಸೋನುಬಾಯಿಯ ಮನೆ. ಮನೆಯವರೆಲ್ಲ ಹುಮನಾಬಾದ್ ಸಂತೆಗೆ ಹೋದ ದಿನ ಒಳಗೆ ಬಂದು ತನ್ನ ಹೆರಿಗೆ ಮಾಡಿಸಿದವಳು ಅವಳೇ ಎಂದು ಬಸವಣಪ್ಪನವರ ಸೊಸೆ ತುಳಜಾಬಾಯಿ ನನ್ನ ಕಿವಿಯಲ್ಲಿ ಹೇಳಿದ್ದಳು.

ಈಗ ತುಳಜಾಬಾಯಿ ಅಂಗಳಕ್ಕೂ ಬರುವುದಿಲ್ಲ. ಸೋನುಬಾಯಿಯನ್ನು ಯಾರೂ ಕೂಲಿಗೆ ಕರೆಯುವುದಿಲ್ಲ.

ಮಾಹಿತಿ ಅಳಿಸಬಾರದೆಂದು ತಾವೇ ಕಲಿಸಿದ್ದೀರಿ. ಆದರೆ ನಿನ್ನೆ ಕ್ಷಮೆ ಕೇಳಲು ಹೋದಾಗ ಸೋನುಬಾಯಿ, “ಯಾರಿಗೆ ಕರೀತಿ ಅಂತ ನನಗ ಮತ್ತೊಮ್ಮಿ ಕೇಳ್ರಿ, ಬಾಯಾರ” ಎಂದಳು. ನನ್ನಿಂದ ಕೇಳಲಾಗಲಿಲ್ಲ.

“ಯಾರೂ ಇಲ್ಲ ಅಂತ ಬರ್ಕೋರಿ” ಎಂದು ತಾನೇ ಹೇಳಿದಳು.

ಬರೆದುಕೊಂಡೆ, ಗುರುಗಳೇ.

ತಮ್ಮ ವಿದ್ಯಾರ್ಥಿನಿ,
ಪ್ರಭಾವತಿ