ತಾರಸಿಯ ಮೇಲಿನ ಸರಳುಗಳು

ಎಲ್ ಮೆಸ್ಕಿತಾಲ್, ಸಾಲ್ತಿಯೊ
ಮಾರ್ಚ್ 9, 2024. ಶನಿವಾರ ಮಧ್ಯಾಹ್ನ. ಮಗಳು ಇತ್ಸೆಲ್ ಕಾರ್ಖಾನೆಯ ತರಬೇತಿಗೆ ಹೋಗಿದ್ದಾಳೆ. ನಿನ್ನಮ್ಮ ಬೀನ್ಸ್ ಆರಿಸುತ್ತಿದ್ದಾರೆ.

ಪ್ರೀತಿಯ ನಿಕಾನೋರ್,

ಜನವರಿಯಲ್ಲಿ ನೀನು ಹ್ಯೂಸ್ಟನ್ನಿಂದ ಕಳಿಸಿದ ಕೋಟು ನಿನ್ನಮ್ಮನಿಗೆ ಸರಿಹೋಯಿತು. ತಿಳಿಸಲು ತಡವಾಯಿತು, ಕ್ಷಮಿಸು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಮಾತು ಕಷ್ಟದ ಕಡೆ ತಿರುಗಿದರೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ.

ಹೆದ್ದಾರಿ ಪಕ್ಕದ ಜೋಳದ ಹೊಲದ ಗುರುತು ಈಗ ನಿನಗೆ ಸಿಗದು. ಕಾರುಗಳಿಗೆ ತಂತಿ ಕಟ್ಟುವ ಕಾರ್ಖಾನೆಯೊಂದು ಚೀನಾದಿಂದ ಅಲ್ಲಿಗೆ ಬಂದಿದೆ. ಅಮೆರಿಕದ ಗಿರಾಕಿಗಳಿಗೆ ಚೀನಾದ ಹಡಗಿಗಿಂತ ನಮ್ಮ ಲಾರಿ ಹತ್ತಿರವಂತೆ. ಹೊಸ ರಸ್ತೆಯಾಗಿದೆ, ಬಸ್ಸು ನಮ್ಮ ಬಾಗಿಲಿಗೇ ಬರುತ್ತದೆ. ನಮ್ಮ ಇತ್ಸೆಲ್ ಮೂವತ್ತು ಜನರ ಮೇಲ್ವಿಚಾರಕಿ! ಎಲ್ಲ ಸಿದ್ಧವಾಗಿದೆ, ಕರೆಂಟೊಂದು ಬಿಟ್ಟು. ಅದರ ತಂತಿ ನಮ್ಮ ತಾರಸಿಯ ಅಂಚಿನಲ್ಲೇ ಹಾದುಹೋಗಬೇಕು. ಸಾಲಿನ ಉಳಿದ ಮನೆಯವರೆಲ್ಲ ಒಪ್ಪಿ ಸಹಿ ಹಾಕಿದ್ದಾರೆ. ನಮ್ಮದೊಂದೇ ಬಾಕಿ.

"ಮನೆಗೇನೂ ಆಗಲ್ಲ, ದೋಞಾ ಲಾಲಾ," ಎಂದರು ನನಗೆ, ಕರೆಂಟಿನ ಎಂಜಿನಿಯರ್. "ಆದ್ರೆ ಮೇಲೆ ಇನ್ನೊಂದು ಮಹಡಿ ಎಬ್ಬಿಸೋ ಹಾಗಿಲ್ಲ. ಈ ಸರಳುಗಳನ್ನ ಕತ್ತರಿಸ್ಬೇಕು."

ನೀನು ಹೊರಡುವ ಮೊದಲು ನಮ್ಮಿಬ್ಬರ ಕೋಣೆಗೆಂದು ನಾಲ್ಕು ಮೂಲೆಗಳಲ್ಲಿ ಬಿಟ್ಟುಹೋದ ಸರಳುಗಳು. ತುಕ್ಕು ಹಿಡಿಯದಿರಲೆಂದು ತುದಿಗೆ ಸೋಡಾ ಬಾಟಲಿ ಕವುಚಿದವನೂ ನೀನೇ.

"ಹನ್ನೊಂದು ವರ್ಷದಿಂದ ಬಾಟ್ಲಿಗಳಿಗೇ ಮನೆ ಕಟ್ಕೊಟ್ಟಿದೀವಿ," ಎಂದಳು ಇತ್ಸೆಲ್. "ಅವಕ್ಕೆ ಮೊಮ್ಮಕ್ಕಳಾಗೋ ಹೊತ್ತಾಯ್ತು!"

"ಬಾಯ್ಮುಚ್ಚೇ! ನನ್ನ ಮಗ ಬಂದ್ರೆ ಎಲ್ಲಿ ಮಲಗ್ತಾನೆ?" ಎಂದರು ನಿನ್ನಮ್ಮ.

"ಕೆಳಗೆ, ಅಜ್ಜಿ. ನಾವೆಲ್ಲ ಮಲಗಲ್ವಾ, ಹಾಗೆ."

ನಿನ್ನಮ್ಮ ಎರಡು ದಿನ ಅವಳೊಡನೆ ಮಾತು ಬಿಟ್ಟರು. ಮೂರನೆಯ ದಿನ ಅವಳ ಹೊಸ ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಕಾರ್ಖಾನೆಯವರು ತಮ್ಮ ಅಡುಗೆಮನೆಯ ಕೆಲಸಕ್ಕೆ ನನ್ನನ್ನೂ ಕರೆದಿದ್ದಾರೆ. ಕರೆಂಟು ಬಂದ ಮರುದಿನವೇ ಕೆಲಸ ಶುರು.

ಪರರ ಮನೆಗೆ ಸೂರು ಹೊದಿಸಲು ಏಣಿ ಹತ್ತುವಾಗೆಲ್ಲ ಗ್ವಾದಲೂಪೆ ಮಾತೆ ನಿನ್ನ ಬೆನ್ನಿಗಿರಲಿ.

ನಿನ್ನ
ಲಾಲಾ

ಮರೆತ ಮಾತು: ಅಲ್ಲಿ ನಿನ್ನ ಜೊತೆ ಕೆಲಸ ಮಾಡುವ ತಾಚೊ ಹ್ಯೂಸ್ಟನ್ನಿಂದ ಊರಿಗೆ ಬಂದಿದ್ದ, ನಿನ್ನನ್ನು ಬಹಳ ಹೊಗಳಿದ. "ನಿಕಾನೋರ್ ಕೈ ಅಂದ್ರೆ ಕೈ, ಅತ್ತಿಗೆ! ಅಲ್ಲಿ ಕೊಂಡ್ಕೊಂಡ ಮನೆಗೆ ತಾನೇ ಸೂರು ಹೊದಿಸಿದಾನೆ." ನನಗೆ ಗೊತ್ತಿದೆಯೆಂದೇ ಅವನು ತಿಳಿದಿದ್ದ. ಆ ಮನೆಯಲ್ಲಿ ನಿನ್ನ ಜೊತೆ ಇನ್ಯಾರಿದ್ದಾರೆಂದು ನಾನು ಕೇಳಲಿಲ್ಲ. ನಿನ್ನಮ್ಮನಿಗೂ ಹೇಳಿಲ್ಲ.

ಗುರುವಾರ ಎಂಜಿನಿಯರ್ ಬಂದಾಗ ಸಹಿ ಹಾಕುತ್ತೇನೆ. ಕತ್ತರಿಸಿದ ಸರಳುಗಳಿಂದ ಅಂಗಳದ ದ್ರಾಕ್ಷಿ ಬಳ್ಳಿಗೆ ಚಪ್ಪರ ಮಾಡಿಸಬೇಕೆಂದಿದ್ದೇನೆ. ಬಾಟಲಿಗಳನ್ನು ಇವತ್ತೇ ತೆಗೆದುಬಿಡೋಣ ಎಂದಳು ಇತ್ಸೆಲ್, ಬೆಳಿಗ್ಗೆ. ಗುರುವಾರದವರೆಗೆ ಇರಲಿ ಎಂದೆ.