ಅಣ್ಣ ಇಟ್ಟ ಮೆಟ್ಟಿಲು

ಆಗಸ್ಟ್ 12, ಮಂಗಳವಾರ

ಆ ಊಂ ನನ್ನ ಬಾಯಿಂದ ಯಾಕಾದರೂ ಬಂತೋ.

ನಮ್ಮಣ್ಣ ತಿಮ್ಮರಾಜ ತೀರಿಕೊಂಡ ಮೇಲೆ ಅವನ ಹಳೆಯ ಫೋರ್‌ವೀಲ್ ಪಿಕಪ್ಪು ಹಿತ್ತಲಲ್ಲೇ ನಿಂತಿತ್ತು. ಬದುಕಿದ್ದಾಗ ಅದಕ್ಕೆ ದಪ್ಪ ಟೈರು ಹಾಕಿ, ಸ್ಪ್ರಿಂಗಿನ ಕೆಳಗೆ ಕಬ್ಬಿಣದ ತುಂಡು ಕೊಟ್ಟು, ಆನೆಯ ಹಾಗೆ ಎತ್ತರ ಮಾಡಿಬಿಟ್ಟಿದ್ದ. ಅವ್ವನಿಗೆ ಹತ್ತಲಾಗಲಿಲ್ಲ. ಆಗ ಎಡಬಾಗಿಲ ಕೆಳಗೆ ತಾನೇ ಒಂದು ಮೆಟ್ಟಿಲು ವೆಲ್ಡಿಂಗ್ ಮಾಡಿದ. ಸೊಟ್ಟ ಮೆಟ್ಟಿಲು. ಅದರ ಮೇಲೆ ಕಾಲಿಟ್ಟೇ ಅವ್ವ ಮೇಚೇರಿ ಸಂತೆಗೆ ಹೋಗುತ್ತಿದ್ದಳು.

ಗಾಡಿಯನ್ನು ಮೊದಲಿನಂತೆ ತಗ್ಗು ಮಾಡಲು ಶಂಕಗಿರಿಯಲ್ಲಿ ಮಣಿಯಣ್ಣನ ವರ್ಕ್‌ಶಾಪಿಗೆ ಬಿಟ್ಟಿದ್ದೆ. ಇವತ್ತು ಕೊನೆಯ ಕೆಲಸ. ಅವರು ಎಡಬಾಗಿಲ ಹತ್ತಿರ ನಿಂತು, "ಇದೂ ತೆಗೀಲಾ, ತಂಬಿ?" ಎಂದರು. ಬಾಗಿಲು ತೆರೆಯಲು ಕೇಳುತ್ತಿದ್ದಾರೆ ಎಂದುಕೊಂಡು ಊಂ ಅಂದೆ. ಟೀ ತರುವಷ್ಟರಲ್ಲಿ ಮೆಟ್ಟಿಲನ್ನು ಕತ್ತರಿಸಿ ಗುಜರಿ ರಾಶಿಗೆ ಎಸೆದಿದ್ದರು.

"ಯಾವ ಕುರುಡನ್ ವೆಲ್ಡಿಂಗಪ್ಪಾ ಇದು! ಕೋಳಿ ಕೆರೆದಂಗೈತೆ," ಎಂದು ನಕ್ಕರು.

ನಮ್ಮಣ್ಣನದು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ತುಂಡು ಕೊಡಿ ಎಂದೂ ಕೇಳಲಿಲ್ಲ. ಟೀ ಲೋಟ ಕೈಗೆ ಕೊಟ್ಟೆ.

ಗಾಡಿ ಈಗ ತಗ್ಗಾಗಿದೆ, ಚೆನ್ನಾಗಿದೆ. ಸಂಜೆ ಮನೆಗೆ ತಂದಾಗ ಅವ್ವ ಸೆರಗಿನಿಂದ ಬಾಗಿಲು ಒರೆಸಿ, ಹತ್ತಲು ಕಾಲೆತ್ತಿದಳು. ಈಗ ಮೆಟ್ಟಿಲೇ ಬೇಕಿಲ್ಲ. ಆದರೂ ಅವಳ ಕಾಲು ಗಾಳಿಯಲ್ಲಿ ಅದನ್ನೇ ಹುಡುಕಿತು.

"ಎಲ್ಲಿ ಲಾ, ನಿಮ್ಮಣ್ಣ ಇಕ್ಕಿದ್ದು?" ಅಂದಳು.

ಬೆಳಿಗ್ಗೆ ಶಂಕಗಿರಿಗೆ ಹೋಗಬೇಕು. ಹೋಗಿ ಇಷ್ಟು ಹೇಳಿದರೆ ಸಾಕು. ಮಣಿಯಣ್ಣಾ, ಅದು ನಮ್ಮಣ್ಣ ಮಾಡಿದ್ದು. ನಮ್ಮವ್ವಂಗೆ ಅಂತ. ಆ ತುಂಡು ಕೊಡಿ.